ನಡುಸೇತುವೆಯ ಥೂ

ಅಕ್ಟೋಬರ್ 2
ಲಾಡ್ಜು, ರೂಮ್ ನಂಬರ್ ಒಂಬತ್ತು

ಅಕ್ಕಾ,

ಬದುಕಿದ್ದೇನೆ. ಈ ಊರಿನಿಂದ ಇದಕ್ಕಿಂತ ದೊಡ್ಡ ಶುಭ ಸಮಾಚಾರ ನಿರೀಕ್ಷಿಸಬೇಡ.

ಫೋನ್ ಮಾಡಿದರೆ ಅಮ್ಮ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾಳೆ, ಏನಿದ್ದರೂ ಬರೆದು ನನ್ನ ಟೈಲರಿಂಗ್ ಅಂಗಡಿಗೆ ಕೊರಿಯರ್ ಮಾಡು ಎಂದು ನೀನು ಅಪ್ಪಣೆ ಮಾಡಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವ ಮೊದಲು ಮೇಜು ಒರೆಸಿದೆ. ಒರೆಸಿದ ಬಟ್ಟೆ ಎಸೆದೆ. ಎಸೆದ ಬುಟ್ಟಿಯ ಒಳಗೆ ಕಣ್ಣು ಹೋಗಿದ್ದಕ್ಕೆ ಕೈ ತೊಳೆದೆ. ಕೈ ತೊಳೆಯಲು ಹಿಡಿದ ಮಗ್ಗಿನೊಳಗೆ ಹಸಿರು ಪಾಚಿ ಕಟ್ಟಿತ್ತು. ತೊಳೆದ ಕೈಯನ್ನು ಇನ್ನೆಲ್ಲಿ ತೊಳೆಯುವುದೆಂದು ತಿಳಿಯದೆ, ಪೊಲೀಸರಿಗೆ ಶರಣಾದವನಂತೆ ಎರಡೂ ಕೈ ಮೇಲೆತ್ತಿಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ. ಇಪ್ಪತ್ನಾಲ್ಕು ವರ್ಷ ಆರೋಗ್ಯ ನಿರೀಕ್ಷಕನಾಗಿ ಹೋಟೆಲುಗಳ ಹಿಂಬಾಗಿಲು, ಮಾರ್ಕೆಟ್ಟಿನ ಮೋರಿ ಎಲ್ಲಾ ನೋಡಿದವನು ನಾನು. ಈ ಲಾಡ್ಜಿನ ದಿಂಬಿನ ಮುಂದೆ ಅವೆಲ್ಲಾ ನಂದನವನ. ನನಗಿಂತ ಮೊದಲು ಮಲಗಿದ್ದ ಪುಣ್ಯಾತ್ಮನ ತಲೆ ಎಣ್ಣೆಯಲ್ಲಿ ಅಚ್ಚಾಗಿ ಮೂಡಿದೆ. ಅವನ ಎಡಗಿವಿ ಬಲಗಿವಿಗಿಂತ ತುಸು ದೊಡ್ಡದು.

ಊಟದ ವಿಷಯ ಎತ್ತಬೇಡ. ತಟ್ಟೆಯ ಅಂಚಿನಲ್ಲಿ ನಿನ್ನೆ ಉಂಡವನ ಅನ್ನದ ಅಗುಳು ಒಣಗಿ ಹರಳು ಕೂರಿಸಿದಂತಿತ್ತು. ‘ಇದೇನಪ್ಪ?’ ಎಂದು ಬಡಿಸುವವನನ್ನು ಕೇಳಿದೆ. ಉಗುರಿನಿಂದ ಕೆರೆದು, ‘ಹೋಯ್ತು ಸಾರ್’ ಅಂದ. ಉಗುರು ಎಲ್ಲಿಂದ ಬಂದಿತ್ತೋ ಕೇಳುವ ಧೈರ್ಯ ಆಗಲಿಲ್ಲ.

ಇನ್ನು ಆ ಘನ ಸೇತುವೆ. ತೊಂಬತ್ತಾರು ವರ್ಷದ ತೂಗುಸೇತುವೆ, ಈಚೆ ದಡದ ದೇವಸ್ಥಾನದಿಂದ ಆಚೆ ದಡದ ದೇವಸ್ಥಾನಕ್ಕೆ. ನಡೆಯುವವರಿಗೆ ಮಾತ್ರ ಎಂದು ಬರೆದಿದ್ದಾರೆ. ಬೈಕುಗಳೂ ನಡೆಯುತ್ತಿದ್ದವು. ‘ಪಾರಂಪರಿಕ ಸೇತುವೆ, ಉಗುಳಬೇಡಿ’ ಎಂಬ ಬೋರ್ಡಿನಲ್ಲಿ ‘ಉಗುಳ’ ಎಂಬ ಮೂರಕ್ಷರ ಉಗುಳಿನ ಅಡಿಯಲ್ಲೇ ಮುಳುಗಿ, ಈಗ ‘ಪಾರಂಪರಿಕ ಸೇತುವೆ, ಬೇಡಿ’ ಎಂದಷ್ಟೇ ಉಳಿದಿದೆ. ನದಿಯಲ್ಲಿ ಮುಳುಗಿ ಎದ್ದವರೆಲ್ಲಾ ಒದ್ದೆ ಬಟ್ಟೆಯಲ್ಲೇ ಸೇತುವೆ ಹತ್ತುತ್ತಾರೆ. ಅವರ ಪಾಪವೆಲ್ಲಾ ನದಿಗೆ ಹೋಗಿರಬಹುದು, ನೀರೆಲ್ಲಾ ನನ್ನ ಚಪ್ಪಲಿಗೆ ಬಂತು. ಕೈ ಹಿಡಿಯುವ ಕಬ್ಬಿಣದ ಹಗ್ಗಕ್ಕೆ ತೊಂಬತ್ತಾರು ವರ್ಷದ ಭಕ್ತರ ಅಂಗೈ ಜಿಡ್ಡು ಪದರ ಪದರವಾಗಿ ಕೂತಿದೆ. ಅದು ತುಂಡಾಗದೆ ನಿಂತಿರುವುದು ಆ ಜಿಡ್ಡಿನ ಬಲದಿಂದಲೇ ಎಂಬುದು ನನ್ನ ಅಭಿಪ್ರಾಯ.

ನೀನು ಹೊರಿಸಿದ ಕೆಲಸ ಎರಡು. ಸೇತುವೆಯ ನಟ್ಟನಡುವನ್ನು ಅಳೆದು ಗುರುತು ಹಾಕುವುದು. ಅಮ್ಮನನ್ನು ಇಲ್ಲಿಗೆ ಕರೆತರಬಹುದೋ ಬಾರದೋ ವರದಿ ಕೊಡುವುದು. ಎರಡನೆಯದಕ್ಕೆ ಈಗಲೇ ಉತ್ತರ: ಬಾರದು. ಚಿಕ್ಕಮ್ಮನ ಮೇಲೆ ನಲವತ್ತೊಂದು ವರ್ಷ ಮುನಿಸಿಕೊಂಡವಳು ಇನ್ನೊಂದು ನಲವತ್ತು ವರ್ಷ ಮುನಿಸಿಕೊಂಡಿದ್ದರೆ ಯಾರ ಗಂಟು ಹೋಗುತ್ತದೆ? ಅಥವಾ ಯಾರಾದರೊಬ್ಬರ ಮನೆಯಲ್ಲಿ ಕೂತು ಅತ್ತು ಮುಗಿಸಬಾರದೇ?

ನಿನ್ನ ತಮ್ಮ

---

ಅಕ್ಟೋಬರ್ 5
ಅಂಗಡಿಯಿಂದ

ಪ್ರೀತಿಯ ಫಿನಾಯಿಲಿಗೆ,

ನಿನ್ನ ಕಾಗದ ಓದಿ ನಾನೇ ಎರಡು ಸಲ ಕೈ ತೊಳೆದೆ. ಹೊಲಿಯುತ್ತಿದ್ದ ಯೂನಿಫಾರ್ಮಿನ ಜೇಬು ತಲೆಕೆಳಗಾಗಿ ಹೊಲಿದುಬಿಟ್ಟೆ. ನೂರ ನಲವತ್ತು ಜೊತೆ ಇದೇ ತಿಂಗಳು ಶಾಲೆಗೆ ಕೊಡಬೇಕು, ಆದ್ದರಿಂದ ಚುಟುಕಾಗಿ ಬರಿ.

ಯಾರ ಗಂಟು ಹೋಗುತ್ತದೆ ಎಂದು ಕೇಳಿದ್ದೀಯ. ಅಮ್ಮನಿಗೆ ಎಪ್ಪತ್ತೆರಡು. ಚಿಕ್ಕಮ್ಮನಿಗೆ ಅರವತ್ತನಾಲ್ಕು. ಸೇತುವೆ ಹಳತಾಯಿತೆಂದು ಇಪ್ಪತ್ತನೇ ತಾರೀಖಿಗೆ ಮುಚ್ಚುತ್ತಾರೆ, ಮತ್ತೆ ತೆರೆಯುವ ಮಾತು ಯಾರೂ ಆಡುತ್ತಿಲ್ಲ. ಅಂಚೆಯಲ್ಲಿ ಬಂದ ಚಿಕ್ಕಮ್ಮನ ಕಾರ್ಡಿನಲ್ಲಿ ಇದ್ದದ್ದು ಮೂರು ಸಾಲು: ‘ಅಕ್ಕನಿಗೆ ನನ್ನ ಮುಖ ನೋಡಬೇಕೆನಿಸಿದರೆ ಮುಚ್ಚುವುದರೊಳಗೆ ನಡುಸೇತುವೆಗೆ ಬರಲಿ. ನಾನು ಅದರಾಚೆ ಒಂದು ಹೆಜ್ಜೆ ಇಡುವವಳಲ್ಲ. ಬಂದು, ಆವತ್ತು ಥೂ ಅಂದದ್ದು ಯಾಕೆಂದು ಹೇಳಲಿ.’ ಅದನ್ನು ಓದಿ ಅಮ್ಮ ಅಂದದ್ದು ಒಂದೇ ಮಾತು: ‘ನಾನೂ ನಡುವಿನಿಂದಾಚೆ ಒಂದು ಹೆಜ್ಜೆ ಇಡಲ್ಲ. ಅಳೆಸು.’

ನೀನು ಆಗ ಎಂಟು ವರ್ಷದವನು, ಮೈತುಂಬ ಕಜ್ಜಿಯಾಗಿ ಅಜ್ಜಿ ಹತ್ತಿರ ಬಿಟ್ಟು ಹೋಗಿದ್ದೆವು. (ಹೌದಪ್ಪ ನಿರೀಕ್ಷಕ, ಕಜ್ಜಿ.) ನಾನು ಅಮ್ಮನ ಕೈ ಹಿಡಿದು ಆ ಸೇತುವೆ ಮೇಲೆ ನಿಂತಿದ್ದೆ. ಬೆಳಿಗ್ಗೆ ಎಂಟು ಗಂಟೆ ಇರಬೇಕು, ಆಗಷ್ಟೇ ನದಿಯಲ್ಲಿ ಮಿಂದು ಬಂದಿದ್ದೆವು. ಚಿಕ್ಕಮ್ಮ ಯಾರಿಗೂ ಹೇಳದೆ ಆಚೆ ದಡದ ಫೋಟೊ ಸ್ಟುಡಿಯೊದವರನ್ನು ಮದುವೆಯಾಗಿ, ಅಕ್ಕನಿಗೆ ಗಂಡನನ್ನು ತೋರಿಸಲು ಸೇತುವೆಗೆ ಕರೆತಂದಿದ್ದಳು. ನಾನು ಹಲಗೆ ಸಂದಿಯಲ್ಲಿ ನೀರು ನೋಡುತ್ತಿದ್ದೆ. ತಲೆಯ ಮೇಲೆ ‘ಥೂ’ ಅಂತ ಕೇಳಿಸಿತು. ತಲೆ ಎತ್ತುವಷ್ಟರಲ್ಲಿ ಚಿಕ್ಕಮ್ಮ ಗಂಡನ ಕೈ ಹಿಡಿದು ಆಚೆ ದಡಕ್ಕೆ, ಅಮ್ಮ ನನ್ನ ಕೈ ಎಳೆದು ಈಚೆ ದಡಕ್ಕೆ. ಅಷ್ಟೇ. ಯಾಕೆ ಅಂದೆ ಅಂತ ಇವತ್ತಿಗೂ ಅಮ್ಮ ಬಾಯಿ ಬಿಟ್ಟಿಲ್ಲ. ಕೇಳಿದರೆ ಪಾತ್ರೆ ಉಜ್ಜಲು ಕೂರುತ್ತಾಳೆ.

ಹೋದ ತಿಂಗಳು ಅಮ್ಮನ ಪೆಟ್ಟಿಗೆಗೆ ನುಸಿಗುಳಿಗೆ ಹಾಕಲು ಹೋದೆ. ಚಿಕ್ಕಮ್ಮನ ಲಂಗ ಒಂದು ಸಿಕ್ಕಿತು, ಹನ್ನೆರಡು ವರ್ಷದ ಹುಡುಗಿಯ ಅಳತೆಯದು. ಇಸ್ತ್ರಿ ಮಾಡಿ ಇಟ್ಟಿದ್ದಾಳೆ. ನೆರಿಗೆ ಮುರಿದಿಲ್ಲ. ಅದಕ್ಕೇ ನಿನ್ನನ್ನು ಕಳಿಸಿದ್ದು.

ಬಾಗಿಲ ಹಿಡಿಗೂ ಸೋಪು ಹಾಕುವ ಅಮ್ಮ ಆ ಊರಿಗೆ ಬರಲು ಒಪ್ಪಿದ್ದಾಳೆ. ನಿನಗೇನು ರೋಗ? ಅಳೆ.

ಅಕ್ಕ

---

ಅಕ್ಟೋಬರ್ 7
ಲಾಡ್ಜು

ಅಕ್ಕಾ,

ಅಳೆದೆ. ನನ್ನ ಶತ್ರುವಿಗೂ ಬೇಡ.

ನೀನು ಬ್ಯಾಗಿನಲ್ಲಿ ಹಾಕಿಕೊಟ್ಟ ಟೇಪು ಸೊಂಟದ ಸುತ್ತಳತೆಗೆ ಹೇಳಿ ಮಾಡಿಸಿದ್ದು, ಒಂದೂವರೆ ಮೀಟರ್. ಸೇತುವೆಯ ಉದ್ದ ನೂರ ಮೂವತ್ತೇಳು ಮೀಟರ್ ನಲವತ್ತು ಸೆಂಟಿಮೀಟರ್. ಅಂದರೆ ನಿನ್ನ ತಮ್ಮ ಆ ಹಲಗೆಗಳ ಮೇಲೆ ತೊಂಬತ್ತೆರಡು ಸಲ ಮಂಡಿಯೂರಿದ. ಯಾವುದರ ಮೇಲೆಲ್ಲಾ ಮಂಡಿಯೂರಿದ ಎಂಬುದನ್ನು ನೀನು ಹೊಲಿಗೆ ಬಿಟ್ಟಾಗ ಹೇಳುತ್ತೇನೆ. ಜಗಿದು ಬಿಟ್ಟ ಚೂಯಿಂಗ್ ಗಮ್ಮಿಗೆ ಯಾರದೋ ಉದ್ದ ಕೂದಲು ಅಂಟಿ, ಕೂದಲಿಗೆ ಕೊಳೆತ ಹೂವಿನ ಎಸಳು ಅಂಟಿ, ಅದೆಲ್ಲಾ ಒಟ್ಟಾಗಿ ನನ್ನ ಬಲ ಮಂಡಿಗೆ ಅಂಟಿತ್ತು ಎಂದರೆ ಸಾಕು. ಥೂ.

ಇಪ್ಪತ್ತನೇ ಸಲಕ್ಕೆ ಜನ ಗುಂಪು ಕಟ್ಟಿದರು. ಇಡೀ ಸೇತುವೆಯನ್ನು ಮಂಡಿಯಲ್ಲಿ ದಾಟುವ ಹರಕೆ ಹೊತ್ತ ಭಕ್ತ ಎಂದುಕೊಂಡರು. ಒಬ್ಬಾಕೆ ನನ್ನ ತಲೆ ಮೇಲೆ ಹೂ ಹಾಕಿದಳು. ಇನ್ನೊಬ್ಬರು ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ‘ಅಯ್ಯೋ ಮುಟ್ಟಬೇಡಿ, ಆ ಕಾಲು ಎಲ್ಲೆಲ್ಲೋ ಇಟ್ಟಿದೀನಿ’ ಎಂದೆ. ಎಂಥಾ ವಿನಯ ಎಂದು ಹೊಗಳಿದರು.

ಸೀಟಿ ಊದುತ್ತಾ ಬಂದ ಕಾವಲುಗಾರ ಮಾತ್ರ ಮೋಸ ಹೋಗಲಿಲ್ಲ.

‘ಏನ್ ಸಾರ್, ಸೇತುವೆಗೆ ಪ್ಯಾಂಟ್ ಹೊಲಿಸ್ತೀರಾ?’

‘ಇಲ್ಲಪ್ಪ, ನಮ್ಮಮ್ಮ ನಿಲ್ಲೋಕೆ ಜಾಗ ಹುಡುಕ್ತಿದೀನಿ.’

‘ಅಷ್ಟು ದಪ್ಪಾನಾ?’

‘ಅಷ್ಟು ಹಟ.’

ನಡು ಎಂದರೆ ಅರವತ್ತೆಂಟು ಮೀಟರ್ ಎಪ್ಪತ್ತು. ಅಲ್ಲಿ ನೀನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದಿದ್ದೇನೆ. ಇಡೀ ಸೇತುವೆಯಲ್ಲಿ ಎಲ್ಲರೂ ನಿಂತು, ಬಗ್ಗಿ, ನದಿಗೆ ಗುರಿಯಿಟ್ಟು ಉಗುಳುವ ಜಾಗ ಅದೇ. ಗಾಳಿ ಎದುರಿಗಿದ್ದರೆ ಗುರಿ ತಪ್ಪುತ್ತದೆ. ನಮ್ಮಮ್ಮ ಚಿಕ್ಕಮ್ಮ ಬೇರೆ ನಡು ಆರಿಸಿಕೊಳ್ಳಬಹುದಿತ್ತು.

ಟೇಪಿನ ಕೊನೆ ಮುಟ್ಟಿಸಲು ಆಚೆ ದಡಕ್ಕೆ ಕಾಲಿಟ್ಟೆ. ಫೋಟೊ ಸ್ಟುಡಿಯೊ ಕಂಡಿತು. ಬಾಗಿಲು ತೆರೆದಿತ್ತು. ವಿಶೇಷವೇನಿಲ್ಲ.

ನಿನ್ನ ತಮ್ಮ

---

ಅಕ್ಟೋಬರ್ 9
ಅಂಗಡಿಯಿಂದ

ಫಿನಾಯಿಲೂ,

ಅಮ್ಮನ ಪ್ರಶ್ನೆ ಮೊದಲು. ನಮ್ಮ ದಡದ ಕಡೆ ಮೆಟ್ಟಿಲು ಎಷ್ಟು, ಅವಳ ದಡದ ಕಡೆ ಎಷ್ಟು? ನಮ್ಮ ಕಡೆ ಜಾಸ್ತಿ ಇದ್ದರೆ ಆ ಮೆಟ್ಟಿಲನ್ನೂ ಲೆಕ್ಕಕ್ಕೆ ಹಿಡಿದು ಗೆರೆಯನ್ನು ಈಚೆಗೆ ಸರಿಸಬೇಕಂತೆ.

ಈಗ ನನ್ನ ಪ್ರಶ್ನೆ. ಮೊದಲ ಕಾಗದದಲ್ಲಿ ಲಾಡ್ಜಿನ ಊಟಕ್ಕೆ ಅಷ್ಟುದ್ದ ಬೈದವನು ಎರಡನೆಯದರಲ್ಲಿ ಒಂದು ಮಾತೂ ಬೈದಿಲ್ಲ. ನೀನು ಉಪವಾಸ ಇರುವವನಲ್ಲ. ಕಾಗದದ ಕೆಳಮೂಲೆಯಲ್ಲಿ ತುಪ್ಪದ ಬೆರಳಚ್ಚು ಇದೆ. ಲಾಡ್ಜಿನಲ್ಲಿ ತುಪ್ಪ ಹಾಕಿದ್ದರೆ ಅದು ಯಾವ ಪ್ರಾಣಿಯ ಕೊಬ್ಬು ಎಂದು ನೀನು ಎರಡು ಪುಟ ಬರೆಯುತ್ತಿದ್ದೆ.

ಬಾಗಿಲು ತೆರೆದಿತ್ತು, ವಿಶೇಷವೇನಿಲ್ಲ ಅಂತೆ. ಯಾರ ಮನೆ ತುಪ್ಪವೋ ಅದು?

ಅಕ್ಕ

---

ಅಕ್ಟೋಬರ್ 11
ಲಾಡ್ಜು

ಅಕ್ಕಾ,

ಸಿಕ್ಕಿಬಿದ್ದೆ. ಐದು ದಿನದಿಂದ ಚಿಕ್ಕಮ್ಮನ ಮನೆಯಲ್ಲಿ ಉಣ್ಣುತ್ತಿದ್ದೇನೆ. ಅಮ್ಮನಿಗೆ ಗೊತ್ತಾದರೆ ಪಕ್ಷಾಂತರ ಮಾಡಿದ ಎಂದಾಳು ಎಂದು ಬರೆಯಲಿಲ್ಲ.

ಮುಂದೆ ಸ್ಟುಡಿಯೊ, ಹಿಂದೆ ಮನೆ. ಗೋಡೆ ತುಂಬ ಸೇತುವೆ ಮೇಲೆ ನಿಂತ ಯಾತ್ರಿಕರ ಫೋಟೊ, ತೆಗೆಸಿಕೊಂಡವರು ತೆಗೆದುಕೊಂಡು ಹೋಗಲು ಮರೆತವು. ಈಗ ಎಲ್ಲರ ಕೈಯಲ್ಲೂ ಫೋನು. ಚಿಕ್ಕಪ್ಪನಿಗೆ ಕೆಲಸವಿಲ್ಲ, ಹಳೇ ಫೋಟೊಗಳ ಕಟ್ಟು ಬಿಚ್ಚಿ ಒಂದೊಂದಾಗಿ ತಿರುವುತ್ತಾ ಕೂರುತ್ತಾರೆ. ಪ್ರತಿ ಫೋಟೊಗೂ ಹೆಬ್ಬೆರಳು ನಾಲಿಗೆಗೆ ತಗುಲಿಸುತ್ತಾರೆ. ನಾಲಿಗೆ, ಫೋಟೊ, ನಾಲಿಗೆ, ಫೋಟೊ. ಐವತ್ತು ವರ್ಷದ ದೂಳು ಅವರ ಹೊಟ್ಟೆಯಲ್ಲಿದೆ. ನಾನು ಗೋಡೆಯ ಕಡೆ ಮುಖ ಮಾಡಿಕೊಂಡು ಕೂರುತ್ತೇನೆ.

ಅಷ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಮೊನ್ನೆ ಊಟದಲ್ಲಿ ಚಿಕ್ಕಮ್ಮನ ಗಲ್ಲಕ್ಕೆ ಮಜ್ಜಿಗೆ ಹತ್ತಿತು. ಈ ಮನುಷ್ಯ ಮಾತಾಡುತ್ತಾ ಮಾತಾಡುತ್ತಾ ಹೆಬ್ಬೆರಳು ನೆಕ್ಕಿ ಆ ಗಲ್ಲ ಒರೆಸಿದರು! ಅದೇ ಹೆಬ್ಬೆರಳು! ಚಿಕ್ಕಮ್ಮ ಮಾತೂ ನಿಲ್ಲಿಸದೆ, ಮುಖವನ್ನು ಸ್ವಲ್ಪ ಮುಂದೆ ಚಾಚಿ ಒರೆಸಿಕೊಂಡರು. ನನ್ನ ಹಲ್ಲಿನ ಹಿಂದೆ ಒಂದಕ್ಷರ ಬಂದು ನಿಂತಿತ್ತು, ಒಂದು ಚೊಂಬು ನೀರು ಕುಡಿದು ಕೆಳಗಿಳಿಸಿದೆ.

ಊಟವಾದ ಮೇಲೆ ಚಿಕ್ಕಮ್ಮ ಕೇಳಿದರು. ‘ನಿಮ್ಮಮ್ಮ ಯಾಕೆ ಹಂಗಂದ್ಲು, ನಿನಗಾದ್ರೂ ಹೇಳಿದಾಳಾ? ಫೋಟೊ ತೆಗೆಯೋನು, ಕಾಲಿಗೆ ಚಪ್ಪಲಿ ಇಲ್ದೋನು ಅಂತ ತಾನೆ? ನನಗೇ ಅಂದಿದ್ರೆ ನುಂಗ್ಕೋತಿದ್ದೆ ಕಣೋ. ಇವರನ್ನ ನೋಡಿ ಅಂದ್ಲು.’

ನಾನು ಗೋಡೆಯ ಫೋಟೊ ನೋಡಿದೆ.

ನಿನ್ನೆ ಸಂಜೆ ಗೆರೆ ಸರಿಯಾಗಿದೆಯೋ ನೋಡುತ್ತೇನೆ ಎಂದು ಹೊರಟರು. (ಮೆಟ್ಟಿಲು ನಮ್ಮ ಕಡೆ ಹದಿನಾಲ್ಕು, ಅವರ ಕಡೆಯೂ ಹದಿನಾಲ್ಕು. ಕಟ್ಟಿದವನಿಗೆ ಈ ಮನೆತನ ಗೊತ್ತಿತ್ತು.) ಗೆರೆಯ ಆ ಬದಿ ಅವರು, ಈ ಬದಿ ನಾನು. ಸೇತುವೆಯ ದೀಪ ಹತ್ತಿತು. ‘ನೋಡಿ ಚಿಕ್ಕಮ್ಮ’ ಎಂದು ಬಾಯಿ ತೆರೆದೆ ಅಷ್ಟೆ. ಮೆತ್ತಗೆ, ಒದ್ದೆಯಾಗಿ, ರೆಕ್ಕೆ ಬಡಿಯುತ್ತಾ ಏನೋ ಒಂದು ಒಳಗೆ ಹೋಗಿ ಕಿರುನಾಲಿಗೆಗೆ ಅಂಟಿಕೊಂಡಿತು.

‘ಥೂ!’

ಅವರ ಮುಖಕ್ಕೇ ಅಂದೆ. ಅಕ್ಕಾ, ಆ ಮುಖ ನೋಡಬೇಕಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ನಾನು ಕೆಮ್ಮಿ, ಕ್ಯಾಕರಿಸಿ, ಕೊನೆಗೆ ಅಂಗೈ ಮೇಲೆ ಹುಳ ತೋರಿಸಿದೆ. ಒಂದು ರೆಕ್ಕೆ ಕಡಿಮೆ ಇತ್ತು, ಅದು ಇನ್ನೂ ನನ್ನೊಳಗಿದೆ. ಚಿಕ್ಕಮ್ಮ ಹುಳವನ್ನು ನೋಡಿದರು. ಬಹಳ ಹೊತ್ತು ನೋಡಿದರು.

‘ಹಂಗಾದ್ರೆ ಆವತ್ತೂ ಹುಳಾನೇನೋ?’

‘ಮತ್ತಿನ್ನೇನು ಚಿಕ್ಕಮ್ಮ!’ ಎಂದೆ. ನಾನೇ ಅಂದೆ. ಯಾರು ಅನ್ನಿಸಿದರೋ ತಿಳಿಯದು.

‘ಅವಳು ಹೇಳ್ಬಾರ್ದಿತ್ತಾ?’

‘ನೀವು ನಿಲ್ಲಲಿಲ್ವಲ್ಲ.’

‘ಹೌದು, ನಿಲ್ಲಲಿಲ್ಲ. ಬರೋಕೆ ಹೇಳು ಅವಳಿಗೆ’ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದರು.

ಆಮೇಲೆ ಕಾವಲುಗಾರ ಬಂದು, ‘ದೀಪ ಹತ್ತಿದ ಮೇಲೆ ಇಲ್ಲಿ ಬಾಯಿ ತೆಗೀಬಾರ್ದು ಸಾರ್. ಹಗಲೊತ್ತು ಹುಡುಕಿದ್ರೂ ಒಂದು ಹುಳ ಸಿಗಲ್ಲ’ ಎಂದ. ಆ ಎರಡನೇ ಮಾತು ನನಗೆ ಇಷ್ಟವಾಗಲಿಲ್ಲ. ಆವತ್ತು ಬೆಳಿಗ್ಗೆ ಎಂಟು ಗಂಟೆ ಎಂದು ನೀನು ಬರೆದಿದ್ದೀಯ.

ಏನಾದರಾಗಲಿ, ಅಮ್ಮನಿಗೆ ಹೇಳು: ಹುಳ ಅಂಗೀಕಾರವಾಗಿದೆ. ಅವಳು ತಲೆಯಾಡಿಸಿದರೆ ಸಾಕು.

ನಿನ್ನ ತಮ್ಮ

---

ಅಕ್ಟೋಬರ್ 13
ಅಂಗಡಿಯಿಂದ

ಫಿನಾಯಿಲೂ,

ನಿನ್ನ ಕಾಗದ ಬಂದಾಗ ಅಮ್ಮ ಅಂಗಡಿಯಲ್ಲೇ ಗುಂಡಿ ಹಚ್ಚುತ್ತಾ ಕೂತಿದ್ದಳು. ತಡೆಯಲಾಗದೆ ಹುಳದ ಭಾಗ ಮಾತ್ರ ಜೋರಾಗಿ ಓದಿದೆ.

‘ಯಾವ ಹುಳ?’ ಅಂದಳು.

‘ನಿನ್ನ ಬಾಯಿಗೆ ಹೋಗಿದ್ದು.’

‘ನನ್ನ ಬಾಯಿಗೆ ಯಾವ ಹುಳಾನೂ ಹೋಗಿರಲಿಲ್ಲ.’

ಆಮೇಲೆ ಕೇಳದೆಯೇ ಹೇಳಿದಳು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ, ಅದೂ ಗುಂಡಿಯ ಕಡೆ ನೋಡಿಕೊಂಡು. ಆವತ್ತು ಚಿಕ್ಕಮ್ಮ ಸೇತುವೆಯ ಹಗ್ಗ ಹಿಡಿದ ಕೈ ಮುಖಕ್ಕೆ ಒರೆಸಿಕೊಂಡು ಕೆನ್ನೆಗೆ ಕಬ್ಬಿಣದ ಮಸಿ ಮೆತ್ತಿತ್ತಂತೆ. ‘ಅವನು, ಅಷ್ಟು ಜನರ ಎದುರಿಗೆ, ಹೆಬ್ಬೆರಳು ನೆಕ್ಕಿ ಒರೆಸಿದ. ಇವಳು ಕೆನ್ನೆ ಕೊಟ್ಟು ನಿಂತ್ಲು. ನನಗೆ ಹೊಟ್ಟೆ ತೊಳೆಸಿಬಂತು.’

‘ಅಷ್ಟಕ್ಕೇನಮ್ಮಾ?’

‘ಅಷ್ಟಕ್ಕೇ.’

ನನಗೆ ಸಿಟ್ಟು ಬಂದು ಕತ್ತರಿ ಕುಕ್ಕಿದೆ. ಒಂದು ಎಂಜಲು ಬೆರಳಿಗೆ ನಲವತ್ತೊಂದು ವರ್ಷ! ನಿನಗೂ ಅದೇ ಬೆರಳು ನೋಡಿ ಅದೇ ಅಕ್ಷರ ಬಂತಲ್ಲ, ರಕ್ತ ಎಂದರೆ ಅದು. ಅಮ್ಮ ಇನ್ನೆರಡು ಗುಂಡಿ ಹಚ್ಚಿದಳು. ಆಮೇಲೆ ದಾರ ಹಲ್ಲಿನಲ್ಲಿ ಕಡಿದು, ‘ನಿಮ್ಮಪ್ಪ, ನನ್ನ ಮುಖದಲ್ಲಿ ದಿನವಿಡೀ ಮಸಿ ಇದ್ರೂ ಒಂದು ಮಾತು ಹೇಳಿದೋರಲ್ಲ. ನೋಡಿದ್ರೆ ತಾನೆ’ ಅಂದಳು.

ನಾನು ಮಿಷನ್ ತುಳಿದೆ. ಇನ್ನೇನು ಮಾಡಲಿ?

ಹದಿನೇಳರ ರೈಲಿಗೆ ಅಮ್ಮನನ್ನು ನಿನ್ನ ಭಾವ ಕರೆತರುತ್ತಾರೆ. ನಾನು ಬರಲಾರೆ, ಯೂನಿಫಾರ್ಮು. ಹದಿನೆಂಟನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಸೇತುವೆ. ಸಂಜೆ ಇಟ್ಟುಕೊಳ್ಳೋಣ, ಹುಳವಾದರೂ ಇರುತ್ತದೆ ಎಂದೆ. ಸಂಜೆ ಬೆವರು ನಾತ, ಬೆಳಿಗ್ಗೆಯೇ ಆಗಬೇಕು ಅಂದಳು. ‘ನಾನು ಸುಳ್ಳು ಹೇಳೋಳಲ್ಲ. ಕೇಳಿದ್ರೆ ಇದ್ದದ್ದು ಹೇಳ್ತೀನಿ’ ಎಂದೂ ಅಂದಳು. ಅಂದರೆ, ನಿನ್ನ ಗಂಡ ನನಗೆ ಹೇಸಿಗೆ ಎಂದು ಗೆರೆ ಮೇಲೆ ನಿಂತು ಹೇಳುತ್ತಾಳೆ. ಇಪ್ಪತ್ತಕ್ಕೆ ಸೇತುವೆ ಮುಚ್ಚುತ್ತದೆ.

ನೀನು ಮಾತ್ರ ಬಾಯಿ ಮುಚ್ಚಿಕೊಂಡಿರು. ಆ ಸೇತುವೆ ಮೇಲೆ ಅದು ಆರೋಗ್ಯಕ್ಕೂ ಒಳ್ಳೆಯದು.

ಅಕ್ಕ

---

ಅಕ್ಟೋಬರ್ 18, ಸಂಜೆ
ಚಿಕ್ಕಮ್ಮನ ಮನೆ

ಅಕ್ಕಾ,

ಬೆಳಿಗ್ಗೆ ಆರಕ್ಕೇ ಹೋಗಿ ನಡುಜಾಗವನ್ನು ಮೂರು ಬಕೆಟ್ ನೀರು, ಅರ್ಧ ಬಾಟಲಿ ಫಿನಾಯಿಲು ಹಾಕಿ ಉಜ್ಜಿದೆ. ಕಾವಲುಗಾರ ಪೊರಕೆ ಹಿಡಿದ. ‘ಮುಚ್ಚೋಕೆ ಎರಡು ದಿನ ಇದೆ, ಈಗ ತೊಳೀತೀರಲ್ಲ ಸಾರ್’ ಅಂದ. ಗೆರೆ ಅಳಿಸಿಹೋಯಿತು, ಮತ್ತೆ ಅಳೆದು ಎಳೆದೆ. ಮಂಡಿಯ ಬಗ್ಗೆ ಕೇಳಬೇಡ.

ಎಂಟಕ್ಕೆ ಸರಿಯಾಗಿ ಅಮ್ಮ ಈ ಕಡೆಯಿಂದ, ಚಿಕ್ಕಮ್ಮ ಚಿಕ್ಕಪ್ಪ ಆ ಕಡೆಯಿಂದ. ಭಾವ ದಡದಲ್ಲೇ ಚೀಲ ಕಾಯುತ್ತಾ ಉಳಿದರು, ಜಾಣರು. ಹಗ್ಗ ಮುಟ್ಟಬೇಡ ಎಂದು ಅಮ್ಮನಿಗೆ ನೂರು ಸಲ ಹೇಳಿದ್ದೆ. ಸೇತುವೆ ತೂಗಿತು, ಗಬಕ್ಕನೆ ಹಿಡಿದಳು. ಅದೇ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡಳು. ಕೆನ್ನೆಯಿಂದ ಕಿವಿವರೆಗೆ ಕರೀ ಪಟ್ಟೆ. ಹೇಳಲು ಬಾಯಿ ತೆರೆದವನು ನಿನ್ನ ಆಜ್ಞೆ ನೆನಪಾಗಿ ಮುಚ್ಚಿದೆ.

ಇಬ್ಬರೂ ಗೆರೆಗೆ ಕಾಲಿನ ಹೆಬ್ಬೆರಳು ತಾಗಿಸಿ ನಿಂತರು. ಮೊದಲು ಇಬ್ಬರೂ ನೋಡಿದ್ದು ಗೆರೆಯನ್ನು, ಎದುರಿನವಳು ದಾಟಿದ್ದಾಳೋ ಎಂದು. ಆಮೇಲೆ ಮುಖ.

‘ಎಷ್ಟು ಸಣ್ಣಗಾಗಿದೀಯೇ’ ಅಂದಳು ಅಮ್ಮ.

‘ನಿನ್ನ ಕೂದಲೆಲ್ಲಾ ಎಲ್ಲೋಯ್ತಕ್ಕ?’

ಸ್ವಲ್ಪ ಹೊತ್ತು ಒದ್ದೆ ಜನ ನಮ್ಮನ್ನು ತಳ್ಳಿಕೊಂಡು ಹೋದರು. ಒಬ್ಬನ ಟವೆಲಿನ ನೀರು ನನ್ನ ಕತ್ತಿನೊಳಗೆ ಇಳಿಯಿತು. ಅಮ್ಮ ಗಂಟಲು ಸರಿಮಾಡಿಕೊಂಡಳು. ಇನ್ನು ಇದ್ದದ್ದನ್ನೆಲ್ಲಾ ಹೇಳಿಬಿಡುತ್ತಾಳೆ ಎಂದು ನಾನು ನದಿಯ ಕಡೆ ತಿರುಗಿದೆ. ‘ನೋಡು, ಆವತ್ತು ನಾನು...’

ಅಷ್ಟರಲ್ಲಿ ಚಿಕ್ಕಪ್ಪ, ‘ತಡೀರಿ ಅತ್ತಿಗೆ, ಒಂಚೂರು ಮಸಿ’ ಎನ್ನುತ್ತಾ ಹೆಬ್ಬೆರಳು ನಾಲಿಗೆಗೆ ತಗುಲಿಸಿ, ಕೆನ್ನೆಯಿಂದ ಕಿವಿವರೆಗೆ, ನಿಧಾನವಾಗಿ, ಫೋಟೊದ ಮೇಲಿನ ಕಲೆ ತೆಗೆದಂತೆ ಒರೆಸಿದರು.

‘ಥೂ!’

ಅಕ್ಕಾ, ಕಾವಲುಗಾರನ ಬಾಯಿಂದ ಸೀಟಿ ಬಿತ್ತು. ಚಿಕ್ಕಮ್ಮನ ಕೈ ಗಂಡನ ಕೈಯನ್ನು ಹಿಡಿದಾಗಿತ್ತು, ಆವತ್ತು ಹಿಡಿದ ಹಾಗೇ ಇರಬೇಕು. ತಿರುಗುವುದೊಂದೇ ಬಾಕಿ.

‘ಹುಳ’ ಅಂದಳು ಅಮ್ಮ.

ಸುಳ್ಳು ಹೇಳದ ನಮ್ಮಮ್ಮ. ‘ಬಾಯಿಗೆ ಹುಳ ಹೋಯ್ತು ಕಣೇ.’

ನಾನು ಸರ್ಕಾರಿ ನಿರೀಕ್ಷಕ. ಬೆಳಿಗ್ಗೆ ಎಂಟು ಗಂಟೆಯ ಆ ಬಿಸಿಲಿನಲ್ಲಿ, ನೂರ ಮೂವತ್ತೇಳು ಮೀಟರ್ ಉದ್ದಕ್ಕೂ, ಒಂದೇ ಒಂದು ಹುಳವಿರಲಿಲ್ಲ. ಆ ಸೇತುವೆಯ ಬುಡದಲ್ಲೇ ನಲವತ್ತೊಂದು ವರ್ಷ ಸಂಸಾರ ಮಾಡಿದವರಿಗೆ ಹುಳ ಯಾವಾಗ ಬರುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತು. ಚಿಕ್ಕಮ್ಮ ಬಿಸಿಲು ನೋಡಿದರು. ಅಮ್ಮನ ಒರೆಸಿದ ಕೆನ್ನೆ ನೋಡಿದರು.

‘ಹೌದಕ್ಕ. ಇಲ್ಲಿ ಹುಳದ ಕಾಟ ಜಾಸ್ತಿ.’

‘ಆವತ್ತೂ ಇತ್ತು.’

‘ಆವತ್ತೂ ಇತ್ತು’ ಅಂದರು ಚಿಕ್ಕಮ್ಮ.

ಅಮ್ಮನ ಬಲಗಾಲು ಗೆರೆಯಿಂದಾಚೆ ನಾಲ್ಕು ಇಂಚು ಹೋಗಿತ್ತು. ಟೇಪು ಹಿಡಿದು ಹೇಳುತ್ತಿದ್ದೇನೆ. ಆಮೇಲೆ ಇಡೀ ಅಮ್ಮನೇ ಆಚೆ ದಡಕ್ಕೆ ಹೋದಳು. ಹದಿನಾಲ್ಕು ಮೆಟ್ಟಿಲೂ ಇಳಿದಳು.

ಈಗ ಒಳಗೆ ಇಬ್ಬರೂ ಅಮ್ಮ ಚೀಲದಲ್ಲಿ ತಂದ ಆ ಲಂಗ ಬಿಡಿಸಿಟ್ಟುಕೊಂಡು ಜಗಳವಾಡುತ್ತಿದ್ದಾರೆ, ಅದು ಯಾರದಾಗಿತ್ತು ಎಂದು. ಚಿಕ್ಕಪ್ಪ ಅದರ ನೆರಿಗೆ ಎಣಿಸಲು ಹೆಬ್ಬೆರಳು ನೆಕ್ಕುತ್ತಿದ್ದಾರೆ. ನಾನು ಹೊರಗೆ ಬಂದು ಬರೆಯುತ್ತಿದ್ದೇನೆ.

ಒಂದು ವಿಷಯ ಮಾತ್ರ ನನ್ನ ಇಪ್ಪತ್ನಾಲ್ಕು ವರ್ಷದ ಸರ್ವೀಸಿನಲ್ಲಿ ನೋಡಿರಲಿಲ್ಲ. ಅಮ್ಮ ಮಧ್ಯಾಹ್ನ ಕೈ ತೊಳೆದಳು, ಕಾಲು ತೊಳೆದಳು, ಚಿಕ್ಕಮ್ಮನ ಮನೆಯ ಬಾಗಿಲ ಹಿಡಿಗೂ ಸೋಪು ಹಾಕಿದಳು. ಸಂಜೆಯಾಗುತ್ತಾ ಬಂತು, ಆ ಕೆನ್ನೆ ಇನ್ನೂ ತೊಳೆದಿಲ್ಲ.

ಥೂ.

ನಿನ್ನ ತಮ್ಮ